ಗಾಂಜಾ ಮನೆಯಲ್ಲಿಡುವ ಬಗೆ: ಕೆನಡಾದ ಕಾನೂನು ಮನೆಯವರಿಗೇ ಬಿಟ್ಟ ವಿಷಯ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಪರವಾನಗಿ ಪಡೆದ ಅಂಗಡಿಯಿಂದ ತಂದ ಗಾಂಜಾ ಹೂವಿನ ಡಬ್ಬಿಯನ್ನು ಕೈಗೆತ್ತಿಕೊಂಡರೆ ಅದರ ಮೈಮೇಲೆ ಓದಲು ಸಾಕಷ್ಟಿರುತ್ತದೆ. ಒಳಗಿರುವುದು ಮೂರೂವರೆ ಗ್ರಾಂ. ಹೊರಗೆ ಕೆಂಪು ಅಷ್ಟಕೋನದೊಳಗೆ ಎಲೆಯ ಚಿತ್ರವಿರುವ ಎಚ್ಚರಿಕೆಯ ಗುರುತು, ಹಳದಿ ಪಟ್ಟಿಯಲ್ಲಿ ಆರೋಗ್ಯದ ಸೂಚನೆ, ಮತ್ತೇರಿಸುವ ಅಂಶವಾದ ಟಿಎಚ್‌ಸಿ ಎಷ್ಟಿದೆ ಎಂಬ ಲೆಕ್ಕ, ಪೊಟ್ಟಣ ಕಟ್ಟಿದ ದಿನಾಂಕ. ಮಕ್ಕಳ ಕೈಗೆ ಸುಲಭವಾಗಿ ಬಗ್ಗದಂಥ ಮುಚ್ಚಳ. ಇಷ್ಟೆಲ್ಲ ಇದ್ದರೂ, ಔಷಧಿಯ ಬಾಟಲಿಯ ಮೇಲೆ ನಾವು ಮೊದಲು ಹುಡುಕುವ ‘ಇಷ್ಟರೊಳಗೆ ಬಳಸಿ’ ಎಂಬ ದಿನಾಂಕ ಅನೇಕ ಡಬ್ಬಿಗಳ ಮೇಲೆ ಕಾಣುವುದಿಲ್ಲ. ಅದರ ಬದಲಿಗೆ, ಅಂಥ ದಿನಾಂಕವನ್ನು ನಿರ್ಧರಿಸಿಲ್ಲ ಎಂಬ ಒಂದು ಸಾಲು ಇರುತ್ತದೆ. ಬಾಳಿಕೆಯ ಅವಧಿಯನ್ನು ತಯಾರಕರು ಪರೀಕ್ಷಿಸಿ ಗೊತ್ತುಮಾಡಿಕೊಂಡಿರದಿದ್ದರೆ ಹಾಗೆಂದು ಮುದ್ರಿಸಬೇಕೆಂಬುದೇ ಅಲ್ಲಿನ ನಿಯಮ.

ಕೆನಡಾದ ಕ್ಯಾನಬಿಸ್ ಕಾಯ್ದೆ 2018ರ ಅಕ್ಟೋಬರ್ 17ರಂದು ಜಾರಿಗೆ ಬಂದಿತು. ವಯಸ್ಕನೊಬ್ಬ ಸಾರ್ವಜನಿಕ ಸ್ಥಳದಲ್ಲಿ 30 ಗ್ರಾಂ ಒಣಗಿದ ಗಾಂಜಾವನ್ನು ಇಟ್ಟುಕೊಂಡಿರಬಹುದು, ಒಂದು ಮನೆಯಲ್ಲಿ ನಾಲ್ಕು ಗಿಡ ಬೆಳೆಸಬಹುದು ಎಂಬ ಮಿತಿಗಳನ್ನು ಅದು ಹಾಕಿತು. ಮನೆಯೊಳಗೆ ಎಷ್ಟು ಇಟ್ಟುಕೊಳ್ಳಬಹುದು ಎಂಬುದಕ್ಕೆ ಒಕ್ಕೂಟದ ಕಾನೂನು ಮಿತಿ ಹಾಕಲಿಲ್ಲ; ಆದರೆ ಕ್ವಿಬೆಕ್ ಪ್ರಾಂತ್ಯ ಮನೆಗೆ 150 ಗ್ರಾಂ ಎಂದು ಕಟ್ಟು ಮಾಡಿತು, ಗಿಡ ಬೆಳೆಸುವುದನ್ನೂ ನಿಷೇಧಿಸಿತು, ಆ ನಿಷೇಧವನ್ನು 2023ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಂಗಡಿಯ ಬಾಗಿಲಿನವರೆಗೆ ಪ್ರತಿ ಹೆಜ್ಜೆಗೂ ನಿಯಮವಿದೆ. ಡಬ್ಬಿ ಮನೆಯ ಹೊಸ್ತಿಲು ದಾಟಿದ ಮೇಲೆ ಅದನ್ನು ಎಲ್ಲಿಡಬೇಕು, ಹೇಗಿಡಬೇಕು, ಎಷ್ಟು ದಿನ ಇಡಬಹುದು ಎಂಬುದೆಲ್ಲ ಬಹುಮಟ್ಟಿಗೆ ಮನೆಯವರ ವಿವೇಚನೆಗೆ ಬಿಟ್ಟದ್ದು.

ಈ ವಿವೇಚನೆ ಎಡವುವುದು ಮುಖ್ಯವಾಗಿ ಎರಡು ಕಡೆ ಎಂಬುದು ನನ್ನ ಅಭಿಪ್ರಾಯ. ಹೂವು ಒಣಗಿ ಪುಡಿಯಾದೀತು ಎಂಬ ಹೆದರಿಕೆಯಿಂದ ಜನ ಅದಕ್ಕೆ ತೇವ ಕೊಡುತ್ತಾರೆ, ನಿಜವಾದ ಅಪಾಯ ಇರುವುದು ಆ ತೇವದಲ್ಲೇ. ಕತ್ತಲೆ ಮತ್ತು ತಂಪು ಬೇಕೆಂದು ಅದನ್ನು ಅಡುಗೆಮನೆಯ ಕಪಾಟಿನಲ್ಲೋ ಫ್ರಿಜ್ಜಿನಲ್ಲೋ ಇಡುತ್ತಾರೆ, ಅವೆರಡೂ ಮಗುವಿನ ಕೈ ದಿನಕ್ಕೆ ಹತ್ತು ಸಲ ಹೋಗುವ ಜಾಗಗಳು. ಹಾಗಾಗಿ ಘಮ ಉಳಿಸುವ ಮಾತನ್ನೂ ಮನೆಮಂದಿಯನ್ನು ಕಾಯುವ ಮಾತನ್ನೂ ಬೇರೆಬೇರೆಯಾಗಿ ಆಡಿದರೆ ಎರಡೂ ಅರ್ಧಕ್ಕೇ ನಿಲ್ಲುತ್ತವೆ.

ಮೊದಲು ಹೂವಿನೊಳಗೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಒಣಗಿದ ಗಾಂಜಾ ಹೂವಿನ ಮೇಲೆ ಸಕ್ಕರೆ ಉದುರಿಸಿದಂತೆ ಮಿನುಗುವ ಸೂಕ್ಷ್ಮ ಗ್ರಂಥಿಗಳಿರುತ್ತವೆ. ಸಸ್ಯಶಾಸ್ತ್ರದಲ್ಲಿ ಇವನ್ನು ಟ್ರೈಕೋಮ್ ಎನ್ನುತ್ತಾರೆ. ಭೂತಗನ್ನಡಿ ಹಿಡಿದು ನೋಡಿದರೆ ಗುಂಡುಸೂಜಿಯಂತೆ ಒಂದು ಕಡ್ಡಿ, ಅದರ ತುದಿಯಲ್ಲಿ ಒಂದು ಮಣಿ. ಮತ್ತೇರಿಸುವ ರಾಸಾಯನಿಕವೂ ಪರಿಮಳದ ಎಣ್ಣೆಗಳೂ ಹೆಚ್ಚಾಗಿ ಇರುವುದು ಆ ಮಣಿಯಲ್ಲಿ. ಹಸಿ ಹೂವಿನಲ್ಲಿ ಟಿಎಚ್‌ಸಿ ನೇರವಾಗಿ ಇರುವುದು ಬಹಳ ಕಡಿಮೆ. ಅದರ ಆಮ್ಲರೂಪವಾದ ಟಿಎಚ್‌ಸಿಎ ಇರುತ್ತದೆ, ಅದು ಬಿಸಿ ತಾಕಿದಾಗ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ಟಿಎಚ್‌ಸಿ ಆಗುತ್ತದೆ. ಬೆಂಕಿ ತಾಕಿದರೆ ಇದು ಕ್ಷಣದ ಕೆಲಸ, ಡಬ್ಬಿಯೊಳಗೆ ತಿಂಗಳುಗಟ್ಟಲೆ ನಿಧಾನವಾಗಿ ನಡೆಯುವ ಕೆಲಸ. ಅಲ್ಲಿಂದ ಮುಂದೆ ಗಾಳಿಯ ಆಮ್ಲಜನಕ ಮತ್ತು ಬೆಳಕು ಸೇರಿ ಟಿಎಚ್‌ಸಿಯನ್ನು ಮತ್ತೆ ಮುರಿಯುತ್ತವೆ. ಹಾಗೆ ಮುರಿದಾಗ ಉಳಿಯುವ ವಸ್ತುಗಳಲ್ಲಿ ಮುಖ್ಯವಾದದ್ದು ಕ್ಯಾನಬಿನಾಲ್, ಅಂದರೆ ಸಿಬಿಎನ್. ಅದಕ್ಕೆ ಮತ್ತೇರಿಸುವ ಗುಣ ತೀರ ಕಡಿಮೆ.

ಈ ಕ್ಯಾನಬಿನಾಲ್‌ಗೆ ಭಾರತದೊಂದಿಗೆ ಹಳೆಯ ನಂಟಿದೆ. 1890ರ ದಶಕದಲ್ಲಿ ಕೇಂಬ್ರಿಜ್‌ನ ವುಡ್, ಸ್ಪೈವಿ ಮತ್ತು ಈಸ್ಟರ್‌ಫೀಲ್ಡ್ ಎಂಬ ರಸಾಯನಶಾಸ್ತ್ರಜ್ಞರು ಭಾರತದ ಚರಸ್ಸನ್ನು ಪರೀಕ್ಷಿಸಿ ಅದರಿಂದ ತೆಗೆದ ಕೆಂಪು ಎಣ್ಣೆಗೆ ಇಟ್ಟ ಹೆಸರೇ ಅದು. ಗಾಂಜಾದ ಸತ್ವ ಇದೇ ಇರಬೇಕು ಎಂಬ ಊಹೆ ಬಹುಕಾಲ ಉಳಿಯಿತು. ಟಿಎಚ್‌ಸಿಯನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದ್ದು 1964ರಲ್ಲಿ ಇಸ್ರೇಲಿನ ಗಾವೊನಿ ಮತ್ತು ಮೆಕೂಲಮ್. ಮೊದಲು ಹೆಸರು ಪಡೆದದ್ದು ಗಾಂಜಾ ಹಳತಾದಂತೆ ಅದರಲ್ಲಿ ಹೆಚ್ಚುವ ವಸ್ತು, ಅದರ ಮೂಲವಸ್ತು ಬೆಳಕಿಗೆ ಬಂದದ್ದು ಸುಮಾರು ಎಪ್ಪತ್ತು ವರ್ಷಗಳ ಮೇಲೆ ಎಂಬುದನ್ನು ನೆನೆದರೆ, ಶೇಖರಣೆ ಎಂಬುದು ಈ ಗಿಡದ ವಿಷಯದಲ್ಲಿ ಎಷ್ಟು ಮೂಲಭೂತ ಪ್ರಶ್ನೆ ಎಂಬುದು ಮನಸ್ಸಿಗೆ ತಟ್ಟುತ್ತದೆ.

ಹಾಳಾಗುವ ವೇಗ ಎಷ್ಟು? ಲಂಡನ್ನಿನಲ್ಲಿ ಫೇರ್‌ಬೇರ್ನ್ ಮತ್ತು ಅವರ ಸಹೋದ್ಯೋಗಿಗಳು 1976ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸತ್ವ ನಾಶವಾಗಲು ಎಲ್ಲಕ್ಕಿಂತ ದೊಡ್ಡ ಕಾರಣ ಬೆಳಕು. ಜೋಪಾನವಾಗಿ ಒಣಗಿಸಿದ ಗಾಂಜಾವನ್ನು ಕತ್ತಲಲ್ಲಿ, ಕೋಣೆಯ ಉಷ್ಣತೆಯಲ್ಲಿ ಇಟ್ಟರೆ ಒಂದೆರಡು ವರ್ಷ ಅದು ತಕ್ಕಮಟ್ಟಿಗೆ ಸ್ಥಿರವಾಗಿಯೇ ಇರುತ್ತದೆ. ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿ ರಾಸ್ ಮತ್ತು ಎಲ್‌ಸೋಲಿ 1990ರ ದಶಕದಲ್ಲಿ ಕೋಣೆಯ ಉಷ್ಣತೆಯಲ್ಲಿ ನಾಲ್ಕು ವರ್ಷ ಇಟ್ಟ ಮಾದರಿಗಳನ್ನು ಅಳೆದಾಗ, ಟಿಎಚ್‌ಸಿ ಸರಾಸರಿ ಮೊದಲ ವರ್ಷದಲ್ಲಿ ಶೇ 17ರಷ್ಟು, ಎರಡನೆಯ ವರ್ಷದ ಕೊನೆಗೆ ಶೇ 27ರಷ್ಟು, ನಾಲ್ಕನೆಯ ವರ್ಷದ ಕೊನೆಗೆ ಶೇ 41ರಷ್ಟು ಇಳಿದಿತ್ತು. ಇಳಿಕೆ ಮೊದಲ ವರ್ಷದಲ್ಲೇ ಹೆಚ್ಚು ಎಂಬುದನ್ನು ಇಲ್ಲಿ ಗಮನಿಸಬೇಕು. ಆದರೂ ಒಂದೆರಡು ತಿಂಗಳಿಗೆಂದು ತಂದಿಟ್ಟ ಹೂವಿನ ಮಟ್ಟಿಗೆ ಇದು ದೊಡ್ಡ ನಷ್ಟವಲ್ಲ, ಅದನ್ನು ಕಿಟಕಿಯ ಪಕ್ಕದಲ್ಲಿ ಪಾರದರ್ಶಕ ಗಾಜಿನಲ್ಲಿ ಇಡದಿದ್ದರೆ.

ಮೊದಲು ಹೋಗುವುದು ಘಮ. ಅದಕ್ಕೆ ಕಾರಣವಾದ ಟರ್ಪೀನ್‌ಗಳು ಕನ್ನಡದ ಅಡುಗೆಮನೆಗೆ ಹೊಸಬರಲ್ಲ. ಕಾಳುಮೆಣಸು ಮತ್ತು ಲವಂಗದ ಖಾರದ ವಾಸನೆಯಲ್ಲಿರುವ ಕ್ಯಾರಿಯೊಫಿಲೀನ್, ಕೊತ್ತಂಬರಿ ಬೀಜದ ಲಿನಲೂಲ್, ನಿಂಬೆ ಮತ್ತು ಕಿತ್ತಳೆಯ ಸಿಪ್ಪೆಯ ಲಿಮೊನೀನ್ ಇವೆಲ್ಲವೂ ಗಾಂಜಾ ಹೂವಿನಲ್ಲಿವೆ. ಹೊಸದಾಗಿ ಹುರಿದು ಕುಟ್ಟಿಸಿದ ಸಾರಿನ ಪುಡಿಯ ಡಬ್ಬಿಯನ್ನು ತೆರೆದಾಗಲೆಲ್ಲ ಮನೆ ಘಮಘಮಿಸುತ್ತದೆ ಎಂದು ನಾವು ಹಿಗ್ಗುತ್ತೇವಲ್ಲ, ಆಗ ಮನೆಗೆ ಹರಡಿದ್ದು ಡಬ್ಬಿಯಿಂದ ಕಳೆದುಹೋದ ಘಮವೇ. ಗಾಂಜಾದಲ್ಲೂ ನಡೆಯುವುದು ಇದೇ. ರಾಸ್ ಮತ್ತು ಎಲ್‌ಸೋಲಿ 1996ರಲ್ಲಿ ತೋರಿಸಿದಂತೆ, ಹಸಿ ಮೊಗ್ಗಿನಲ್ಲಿ ಶೇ 0.29ರಷ್ಟಿದ್ದ ಸುಗಂಧತೈಲ, ಕಾಗದದ ಚೀಲದಲ್ಲಿ ಕೋಣೆಯ ಉಷ್ಣತೆಯಲ್ಲಿ ಮೂರು ತಿಂಗಳು ಇಟ್ಟಾಗ ಶೇ 0.13ಕ್ಕೆ ಇಳಿದಿತ್ತು. ಅರ್ಧಕ್ಕಿಂತ ಹೆಚ್ಚು ಹೋಯಿತು. ಹೋದದ್ದರಲ್ಲಿ ಹಗುರವಾದ, ಬೇಗ ಹಾರುವ ಟರ್ಪೀನ್‌ಗಳ ಪಾಲು ದೊಡ್ಡದು. ಭಾರವಾದವು ಹೆಚ್ಚು ಉಳಿದವು. ಹಳೆಯ ಗಾಂಜಾದ ವಾಸನೆ ಬರಿದೆ ಕಡಿಮೆಯಾಗದೆ ಸ್ವಭಾವವನ್ನೇ ಬದಲಿಸಿಕೊಳ್ಳಲು, ನಿಂಬೆಯ ಚುರುಕು ಹೋಗಿ ಒಣಹುಲ್ಲಿನಂಥ ಮಂಕು ಉಳಿಯಲು ಇದು ಮುಖ್ಯ ಕಾರಣ.

ಆದ್ದರಿಂದ ಪಾತ್ರೆಯ ಆಯ್ಕೆ ಸರಳ. ಗಾಳಿಯಾಡದ ಮುಚ್ಚಳವಿರುವ ಗಾಜಿನ ಜಾಡಿ, ಬಣ್ಣ ಕಂದು ಅಥವಾ ಕಪ್ಪಾದರೆ ಒಳ್ಳೆಯದು, ಪಾರದರ್ಶಕವಾದರೆ ಅದನ್ನು ಕತ್ತಲಾದ ಪೆಟ್ಟಿಗೆಯಲ್ಲಿಡಬೇಕು. ಜಾಡಿಯ ಅಳತೆ ಹೂವಿನ ಅಳತೆಗೆ ಹತ್ತಿರವಾಗಿರಬೇಕು, ಏಕೆಂದರೆ ಖಾಲಿ ಜಾಗವೆಲ್ಲ ಆಮ್ಲಜನಕದ ಜಾಗ. ಪ್ಲಾಸ್ಟಿಕ್ ಚೀಲ ಎರಡು ಕಾರಣಕ್ಕೆ ಸಲ್ಲದು. ಟರ್ಪೀನ್‌ಗಳು ಪಾಲಿಥೀನ್‌ನೊಳಗೆ ಇಂಗುತ್ತವೆ, ಕಿತ್ತಳೆ ರಸದ ಪೊಟ್ಟಣಗಳನ್ನು ತಯಾರಿಸುವವರು ಲಿಮೊನೀನ್‌ನ ಈ ಕಾಟವನ್ನು ಬಹಳ ಹಿಂದಿನಿಂದ ಬಲ್ಲರು. ಜೊತೆಗೆ ಪ್ಲಾಸ್ಟಿಕ್ಕಿನ ಸ್ಥಾಯೀ ವಿದ್ಯುತ್ತಿಗೆ ಆ ಸೂಕ್ಷ್ಮ ಮಣಿಗಳು ಉದುರಿ ಚೀಲದ ಗೋಡೆಗೆ ಅಂಟಿಕೊಳ್ಳುತ್ತವೆ. ಅಂಗಡಿಯ ಡಬ್ಬಿ ಸಣ್ಣದಾಗಿದ್ದು ಬೇಗ ಮುಗಿಯುವುದಾದರೆ ಅದರಲ್ಲೇ ಇರಲಿ, ದಿನಾಂಕವೂ ಎಚ್ಚರಿಕೆಯ ಗುರುತೂ ಮಗುವಿಗೆ ಬಗ್ಗದ ಮುಚ್ಚಳವೂ ಅದರಲ್ಲೇ ಇವೆ.

ಇಷ್ಟರ ಮೇಲೆ ಉಳಿಯುವುದು ತೇವದ ಪ್ರಶ್ನೆ. ಈ ಲೇಖನದ ಮುಕ್ಕಾಲು ಕಾಳಜಿ ಇರುವುದು ಇದರ ಮೇಲೆಯೇ.

ಯಾವುದೇ ಪದಾರ್ಥ ಕೆಡುವುದು ಅದರಲ್ಲಿ ಒಟ್ಟು ಎಷ್ಟು ನೀರಿದೆ ಎಂಬುದಕ್ಕಿಂತ, ಆ ನೀರಿನಲ್ಲಿ ಎಷ್ಟು ಭಾಗ ಬಿಡಿಯಾಗಿ ಸೂಕ್ಷ್ಮಜೀವಿಗಳಿಗೆ ಸಿಗುತ್ತದೆ ಎಂಬುದರ ಮೇಲೆ ನಿಂತಿದೆ. ಮಾವಿನಕಾಯಿ ಉಪ್ಪಿನಕಾಯಿಯಲ್ಲಿ ನೀರು ಧಾರಾಳವಾಗಿಯೇ ಇರುತ್ತದೆ, ಆದರೆ ಉಪ್ಪು ಅದನ್ನು ಹಿಡಿದಿಟ್ಟುಕೊಂಡಿರುವುದರಿಂದ ಬೂಷ್ಟಿಗೆ ಅದು ಸುಲಭಕ್ಕೆ ಸಿಕ್ಕುವುದಿಲ್ಲ. ಈ ಬಿಡಿ ನೀರಿನ ಅಳತೆಯನ್ನು ಆಹಾರ ವಿಜ್ಞಾನಿಗಳು ಸೊನ್ನೆಯಿಂದ ಒಂದರವರೆಗಿನ ಅಂಕಿಯಲ್ಲಿ ಹೇಳುತ್ತಾರೆ. ಒಣಗಿದ ಗಾಂಜಾ ಹೂವಿಗೆ 0.55ರಿಂದ 0.65ರ ನಡುವಿನ ಅಂಕಿ ಸರಿ ಎಂದು ಎಎಸ್‌ಟಿಎಂ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಗೊತ್ತುಮಾಡಿದೆ. 0.65ಕ್ಕಿಂತ ಕೆಳಗೆ ಬಹುತೇಕ ಬೂಷ್ಟುಗಳು ಬೆಳೆಯಲಾರವು, 0.55ಕ್ಕಿಂತ ಕೆಳಗೆ ಹೋದರೆ ಹೂವು ಪುಡಿಪುಡಿಯಾಗುತ್ತದೆ. ಮನೆಯಲ್ಲಿ ಇದನ್ನು ತಿಳಿಯುವ ದಾರಿ ಕಷ್ಟದ್ದಲ್ಲ. ಮುಚ್ಚಿದ ಜಾಡಿಯೊಳಗೆ ಒಂದು ದಿನ ಕಳೆದ ಮೇಲೆ ಹೂವಿನ ತೇವವೂ ಅದರ ಸುತ್ತಲಿನ ಗಾಳಿಯ ತೇವವೂ ಒಂದು ಸಮಕ್ಕೆ ಬರುತ್ತವೆ, ಆಗ ಒಳಗಿಟ್ಟ, ಗಾಳಿಯ ತೇವ ಅಳೆಯುವ ಪುಟ್ಟ ಹೈಗ್ರೋಮೀಟರ್ ಶೇ 60 ತೋರಿಸಿದರೆ ಆ ಅಂಕಿ 0.60 ಎಂದೇ ಅರ್ಥ.

ಅಗ್ಗದ ಹೈಗ್ರೋಮೀಟರ್‌ಗಳು ಸುಳ್ಳು ಹೇಳುವುದುಂಟು. ಅವನ್ನು ಪರೀಕ್ಷಿಸಲು ಅಡುಗೆ ಉಪ್ಪೇ ಸಾಕು. ಬಾಟಲಿಯ ಮುಚ್ಚಳವೊಂದರಲ್ಲಿ ಒಂದು ಚಮಚ ಉಪ್ಪು ಹಾಕಿ, ಕೆಲವೇ ಹನಿ ನೀರು ಬಿಟ್ಟು, ಒದ್ದೆ ಮರಳಿನಂತಾಗುವವರೆಗೆ ಕಲಸಬೇಕು. ಉಪ್ಪು ಪೂರ್ತಿ ಕರಗಿ ನೀರಾಗಬಾರದು. ಅದನ್ನೂ ಹೈಗ್ರೋಮೀಟರನ್ನೂ ಒಂದಕ್ಕೊಂದು ತಾಗದಂತೆ ಖಾಲಿ ಜಾಡಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿ ರಾತ್ರಿಯಿಡೀ ಬಿಡಬೇಕು. ಕೋಣೆಯ ಉಷ್ಣತೆಯಲ್ಲಿ ಉಪ್ಪಿನ ಪರ್ಯಾಪ್ತ ದ್ರಾವಣ ತನ್ನ ಸುತ್ತಲಿನ ಗಾಳಿಯನ್ನು ಶೇ 75ರ ತೇವದಲ್ಲಿ ನಿಲ್ಲಿಸುತ್ತದೆ, ಇದು ಭೌತಶಾಸ್ತ್ರದ ನಿಯಮ. ಬೆಳಿಗ್ಗೆ ಹೈಗ್ರೋಮೀಟರ್ 71 ತೋರಿಸಿದರೆ ಅದು ನಾಲ್ಕು ಕಡಿಮೆ ಹೇಳುತ್ತಿದೆ ಎಂದು ಗೊತ್ತುಮಾಡಿಕೊಂಡು ಮುಂದೆ ಪ್ರತಿ ಸಲವೂ ನಾಲ್ಕು ಸೇರಿಸಿಕೊಳ್ಳಬಹುದು. ಅಂಗಡಿಯಲ್ಲಿ ಸಿಗುವ, ಶೇ 58 ಅಥವಾ 62 ಎಂದು ಬರೆದ ತೇವ ನಿಯಂತ್ರಣದ ಚಿಕ್ಕ ಚೀಲಗಳಲ್ಲಿ ಒಂದು ಬಗೆಯವು ಕೆಲಸ ಮಾಡುವುದೂ ಇದೇ ತತ್ವದ ಮೇಲೆ, ಬೇರೆ ಲವಣಗಳ ದ್ರಾವಣದಿಂದ. ಗಾಳಿಯಲ್ಲಿ ತೇವ ಹೆಚ್ಚಾದರೆ ಹೀರುತ್ತವೆ, ಕಡಿಮೆಯಾದರೆ ಬಿಡುತ್ತವೆ. ಆದರೆ ಅವು ಸರಿಯಾಗಿ ಒಣಗಿದ ಹೂವನ್ನು ಇದ್ದಂತೆ ಕಾಯುತ್ತವೆಯೇ ಹೊರತು, ಒದ್ದೆಯಾಗಿ ಬಂದದ್ದನ್ನು ಒಣಗಿಸುವ ಶಕ್ತಿ ಅವಕ್ಕಿಲ್ಲ.

ಕೆನಡಾದ ಮನೆಗಳ ಹವೆ ಈ ಲೆಕ್ಕವನ್ನು ಇನ್ನಷ್ಟು ತೊಡಕಾಗಿಸುತ್ತದೆ. ಚಳಿಗಾಲದಲ್ಲಿ ಹೊರಗಿನ ಒಣಗಾಳಿಯನ್ನು ಫರ್ನೇಸ್ ಬಿಸಿಮಾಡಿದಾಗ ಮನೆಯೊಳಗಿನ ತೇವ ಶೇ 30ಕ್ಕೂ ಕೆಳಗೆ ಇಳಿಯುತ್ತದೆ, ತುಟಿ ಒಡೆಯುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಕಿಡಿ ಹಾರುತ್ತದೆ. ಅದೇ ಮನೆಯ ನೆಲಮಾಳಿಗೆ ಜುಲೈ ತಿಂಗಳಲ್ಲಿ ತೇವದಿಂದ ಮುಗ್ಗಲು ವಾಸನೆ ಹೊಡೆಯುತ್ತದೆ. ಬ್ರಾಂಪ್ಟನ್, ಮಿಸಿಸಾಗಾ ಕಡೆ ಓದಲೆಂದೋ ಕೆಲಸಕ್ಕೆಂದೋ ಬಂದ ನಮ್ಮವರಲ್ಲಿ ಅನೇಕರು ಬಾಡಿಗೆಗೆ ಹಿಡಿಯುವುದು ಇಂಥ ನೆಲಮಾಳಿಗೆಗಳನ್ನೇ ಆದ್ದರಿಂದ ಇದು ಅವರಿಗೆ ಪರಿಚಿತ ಸಂಗತಿ. ಜನವರಿಯಲ್ಲಿ ಹೂವು ಗರಿಗರಿಯಾದದ್ದನ್ನು ಕಂಡವರು ಜಾಡಿಯೊಳಗೆ ಕಿತ್ತಳೆ ಸಿಪ್ಪೆಯ ಚೂರನ್ನೋ, ಒದ್ದೆ ಕಾಗದವನ್ನೋ, ಲೆಟ್ಯೂಸ್ ಎಲೆಯನ್ನೋ ಹಾಕುವ ಹಳೆಯ ಉಪಾಯಕ್ಕೆ ಕೈಹಾಕುತ್ತಾರೆ. ಸಿಪ್ಪೆಯ ಮೇಲೆ ಬೂಷ್ಟಿನ ಬೀಜಕಗಳು ಮೊದಲೇ ಇರುತ್ತವೆ, ಅದರಿಂದ ಹೊರಬರುವ ನೀರಿಗೆ ಅಳತೆಯಿಲ್ಲ, ಜಾಡಿಯೊಳಗೆ ಗಾಳಿ ಆಡುವುದಿಲ್ಲ. ಇದಕ್ಕಿಂತ ಅನುಕೂಲವಾದ ಮನೆಯನ್ನು ಬೂಷ್ಟಿಗೆ ಯಾರೂ ಕಟ್ಟಿಕೊಡಲಾರರು. ಒಣಗಿದ ಹೂವು ಗಂಟಲಿಗೆ ಒರಟಾದೀತು, ಘಮ ಕಡಿಮೆಯಾದೀತು, ಅಷ್ಟೇ. ಬೂಷ್ಟು ಹಿಡಿದ ಹೂವು ಆಸ್ಪತ್ರೆಗೆ ಸೇರಿಸಬಲ್ಲದು.

ಇದು ಹೆದರಿಸಲು ಹೇಳಿದ ಮಾತಲ್ಲ. ಗಾಂಜಾದ ಮೇಲೆ ಬೆಳೆಯುವ ಬೂಷ್ಟುಗಳಲ್ಲಿ ಆಸ್ಪರ್ಜಿಲಸ್ ಎಂಬ ಜಾತಿಯಿದೆ. ನೆಲಗಡಲೆಯನ್ನು ಸರಿಯಾಗಿ ಒಣಗಿಸದೆ ರಾಶಿ ಹಾಕಿದಾಗ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ ಎಂದು ನಮ್ಮ ರೈತರಿಗೆ ಕೃಷಿ ಇಲಾಖೆಯವರು ಹೇಳುತ್ತಾರಲ್ಲ, ಆ ವಿಷಕ್ಕೆ ಕಾರಣವಾದ ಬೂಷ್ಟು ಇದೇ ಜಾತಿಗೆ ಸೇರಿದ್ದು. ಆರೋಗ್ಯವಂತರ ಶ್ವಾಸಕೋಶ ಇದರ ಬೀಜಕಗಳನ್ನು ಸಾಮಾನ್ಯವಾಗಿ ನಿಭಾಯಿಸುತ್ತದೆ. ಕ್ಯಾನ್ಸರಿಗೆ ಕಿಮೊಥೆರಪಿ ಪಡೆಯುತ್ತಿರುವವರು, ಅಂಗಕಸಿ ಅಥವಾ ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡವರು ಮುಂತಾಗಿ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಅದು ಶ್ವಾಸಕೋಶವನ್ನು ಆಕ್ರಮಿಸಿ ಪ್ರಾಣಕ್ಕೇ ಎರವಾಗಬಲ್ಲದು. ಬೂಷ್ಟು ಹಿಡಿದ ಗಾಂಜಾ ಸೇದಿ ಹಾಗೆ ಸತ್ತ ರೋಗಿಯ ವರದಿ 1988ರಷ್ಟು ಹಿಂದೆಯೇ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಂಶೋಧಕರು 2016ರ ಆರೋಗ್ಯ ವಿಮೆಯ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಾಂಜಾ ಬಳಸುವವರೆಂದು ದಾಖಲಾದವರಲ್ಲಿ ಶಿಲೀಂಧ್ರ ಸೋಂಕು ಕಾಣಿಸಿಕೊಳ್ಳುವ ಸಂಭವ ಉಳಿದವರಿಗಿಂತ 3.5 ಪಟ್ಟು ಹೆಚ್ಚಿತ್ತು. ಸಂಬಂಧ ಕಂಡಿತು ಎಂದರೆ ಗಾಂಜಾವೇ ಕಾರಣವೆಂದು ಸಿದ್ಧವಾಯಿತು ಎಂದಲ್ಲ. ಆದರೆ ಕಿಮೊಥೆರಪಿಯ ವಾಕರಿಕೆಗೆಂದು ಗಾಂಜಾ ಬಳಸುವವರು ಈ ರೋಗನಿರೋಧಕ ಶಕ್ತಿ ಕುಗ್ಗಿದವರ ಗುಂಪಿಗೇ ಸೇರಿದವರಾದ್ದರಿಂದ ಇದನ್ನು ಹಗುರವಾಗಿ ಕಾಣುವಂತಿಲ್ಲ.

ಬೂಷ್ಟನ್ನು ಗುರುತಿಸುವುದರಲ್ಲೂ ಒಂದು ತೊಡಕಿದೆ. ಒಳ್ಳೆಯ ಹೂವಿನ ಟ್ರೈಕೋಮ್‌ಗಳೂ ಬಿಳಿಯೇ, ಬೂಷ್ಟೂ ಬಿಳಿಯೇ. ಭೂತಗನ್ನಡಿಯಲ್ಲಿ ನೋಡಿದಾಗ ಒಂದೊಂದಾಗಿ ನೆಟ್ಟ ಗುಂಡುಸೂಜಿಗಳಂತೆ ಕಂಡರೆ ಅವು ಗ್ರಂಥಿಗಳು. ಜೇಡರ ಬಲೆಯಂತೆ, ಹತ್ತಿಯ ಎಳೆಯಂತೆ ಒಂದಕ್ಕೊಂದು ಹೆಣೆದುಕೊಂಡಿದ್ದರೆ ಅಥವಾ ಹಿಟ್ಟು ಮೆತ್ತಿದಂತಿದ್ದರೆ ಅದು ಬೂಷ್ಟು. ಬೋಟ್ರೈಟಿಸ್ ಎಂಬ ಬೂದುಬಣ್ಣದ ಕೊಳೆರೋಗ ದಟ್ಟ ಹೂವಿನ ನಡುಭಾಗದಿಂದ ಶುರುವಾಗುತ್ತದೆ, ಹೊರಗೆ ಎಲ್ಲವೂ ಚೆನ್ನಾಗಿ ಕಂಡರೂ ಮುರಿದು ನೋಡಿದಾಗ ಒಳಗೆ ಕಂದಾಗಿ ಪುಡಿಯಾಗಿರುತ್ತದೆ. ಮುಗ್ಗಲು ವಾಸನೆ, ಅಮೋನಿಯದಂಥ ಘಾಟು, ಒತ್ತಿದರೆ ಪುಟಿಯದೆ ಮೆತ್ತಗೆ ಕೂರುವ ಗುಣ, ಇವೂ ಸೂಚನೆಗಳೇ. ಬೂಷ್ಟು ಹಿಡಿದ ಭಾಗವನ್ನು ಮಾತ್ರ ಚಿವುಟಿ ಉಳಿದದ್ದನ್ನು ಬಳಸುವುದು ತಪ್ಪು. ಬೀಜಕಗಳು ಅಷ್ಟು ಹೊತ್ತಿಗೆ ಜಾಡಿ ತುಂಬ ಹರಡಿರುತ್ತವೆ.

ಅಂಗಡಿಯಿಂದ ತಂದ ಹೂವು ಸೂಕ್ಷ್ಮಜೀವಿಗಳ ಪರೀಕ್ಷೆ ದಾಟಿ ಬಂದಿರುತ್ತದೆ. ಮನೆಯ ಹಿತ್ತಲಲ್ಲಿ ನಾಲ್ಕು ಗಿಡ ಬೆಳೆದವರಿಗೆ ಆ ಕಾವಲಿಲ್ಲ. ಒಂಟಾರಿಯೊದಲ್ಲಿ ಹೊರಗೆ ಬೆಳೆದ ಗಿಡ ಕೊಯ್ಲಿಗೆ ಬರುವುದು ಇಬ್ಬನಿಯೂ ಮಳೆಯೂ ಬೀಳುವ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಕತ್ತಲಾದ, ಗಾಳಿಯಾಡುವ ಕೋಣೆಯಲ್ಲಿ ಒಂದೆರಡು ವಾರ ತೂಗುಹಾಕಿ, ಸಣ್ಣ ಕಡ್ಡಿ ಬಾಗದೆ ಲಟಕ್ಕನೆ ಮುರಿಯುವವರೆಗೆ ಒಣಗಿಸಿ, ಆಮೇಲೆ ಜಾಡಿಗೆ ತುಂಬಿ, ಮೊದಲ ಎರಡು ಮೂರು ವಾರ ದಿನಕ್ಕೊಮ್ಮೆ ಮುಚ್ಚಳ ತೆರೆದು ಗಾಳಿ ಬದಲಿಸಬೇಕು. ಜಾಡಿಯೊಳಗಿನ ಹೈಗ್ರೋಮೀಟರ್ ಶೇ 65 ದಾಟಿದರೆ ಹೂವನ್ನು ಹೊರಗೆ ಹರಡಲೇಬೇಕು. ಆತುರದಿಂದ ಜಾಡಿಗೆ ತುಂಬಿದ ಬೆಳೆ ಒಂದೇ ವಾರದಲ್ಲಿ ಕೈಬಿಡಬಹುದು.

ಫ್ರಿಜ್ಜು ಮತ್ತು ಫ್ರೀಜರಿನ ಬಗ್ಗೆ ಎರಡು ಮಾತು ಸಾಕು. ತಂಪು ರಾಸಾಯನಿಕ ಬದಲಾವಣೆಯನ್ನು ನಿಧಾನಗೊಳಿಸುವುದು ನಿಜ, ಆದರೆ ಫ್ರಿಜ್ಜಿನ ಬಾಗಿಲು ತೆರೆದಾಗಲೆಲ್ಲ ಒಳಗಿನ ತೇವ ಏರಿಳಿಯುತ್ತದೆ, ತಂಪಾದ ಜಾಡಿಯನ್ನು ಹೊರತೆಗೆದ ಕೂಡಲೇ ತೆರೆದರೆ ಒಳಗೆ ನೀರಹನಿ ಕಟ್ಟುತ್ತದೆ. ಫ್ರೀಜರಿನಲ್ಲಿ ಗ್ರಂಥಿಗಳು ಗಾಜಿನಂತೆ ಪೆಡಸಾಗಿ, ಜಾಡಿಯನ್ನು ಅಲುಗಾಡಿಸಿದರೆ ಸಾಕು, ಉದುರುತ್ತವೆ. ಮಲಗುವ ಕೋಣೆಯ ಎತ್ತರದ ಕಪಾಟಿನಲ್ಲಿ, ಹೀಟರಿನಿಂದಲೂ ಒಲೆಯಿಂದಲೂ ದೂರ, ಇಪ್ಪತ್ತು ಡಿಗ್ರಿಯ ಆಸುಪಾಸಿನ ಉಷ್ಣತೆ ಸಾಕೇ ಸಾಕು. ಕಾರಿನಲ್ಲಿ ಇಡುವುದಂತೂ ಎಲ್ಲ ಬಗೆಯಲ್ಲೂ ತಪ್ಪು. ಬೇಸಗೆಯ ಬಿಸಿಲಲ್ಲಿ ಮುಚ್ಚಿದ ಕಾರು ಒಲೆಯಂತಾಗುತ್ತದೆ; ಅಲ್ಲದೆ ಒಂಟಾರಿಯೊದಲ್ಲಿ ವಾಹನದೊಳಗೆ ಗಾಂಜಾ ಇದ್ದರೆ ಅದು ತೆರೆಯದ ಮೂಲ ಪೊಟ್ಟಣದಲ್ಲಾಗಲಿ, ಕಟ್ಟಿ ಮುಚ್ಚಿದ ಸಾಮಾನಿನೊಳಗಾಗಲಿ, ಯಾರ ಕೈಗೂ ಸುಲಭವಾಗಿ ಎಟುಕದಂತಾಗಲಿ ಇರಬೇಕು ಎಂಬುದು ಕಾನೂನು.

ಈಗ ಬೀಗದ ಮಾತಿಗೆ ಬರುತ್ತೇನೆ, ಏಕೆಂದರೆ ಮೇಲೆ ಹೇಳಿದ್ದೆಲ್ಲವನ್ನೂ ಚಾಚೂ ತಪ್ಪದೆ ಮಾಡಿದ ಮನೆಯಲ್ಲೂ ದುರಂತ ನಡೆಯಬಹುದು. ಒಟ್ಟಾವಾದ ಡೇನಿಯಲ್ ಮೈರನ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನ, ಒಂಬತ್ತು ವರ್ಷದವರೆಗಿನ ಮಕ್ಕಳು ಅರಿಯದೆ ಗಾಂಜಾ ತಿಂದು ಆಸ್ಪತ್ರೆಗೆ ದಾಖಲಾದ ಪ್ರಕರಣಗಳನ್ನು ನಾಲ್ಕು ಪ್ರಾಂತ್ಯಗಳಲ್ಲಿ ಲೆಕ್ಕಹಾಕಿತು. ಒಣಹೂವು ಕಾನೂನುಬದ್ಧವಾದ ಮೊದಲ ಹಂತದಲ್ಲಿ ಅಂಥ ದಾಖಲಾತಿಯ ಪ್ರಮಾಣ ಹಿಂದಿನದಕ್ಕಿಂತ 2.6 ಪಟ್ಟಾಯಿತು. ಗಾಂಜಾ ಸೇರಿಸಿದ ಚಾಕೊಲೇಟ್, ಗಮ್ಮಿ ಮುಂತಾದ ತಿನಿಸುಗಳು ಮಾರುಕಟ್ಟೆಗೆ ಬಂದ ಮೇಲೆ ಒಂಟಾರಿಯೊ, ಆಲ್ಬರ್ಟಾ, ಬ್ರಿಟಿಷ್ ಕೊಲಂಬಿಯಾಗಳಲ್ಲಿ ಅದು 7.5 ಪಟ್ಟಿಗೆ ಏರಿತು. ಮಿಠಾಯಿ ರೂಪದ ಮಾರಾಟಕ್ಕೆ ಅವಕಾಶ ಕೊಡದ ಕ್ವಿಬೆಕ್‌ನಲ್ಲಿ 3 ಪಟ್ಟಿನಲ್ಲೇ ನಿಂತಿತು. ಹಸಿ ಹೂವಿನ ಸತ್ವ ಬಹುಪಾಲು ಆಮ್ಲರೂಪದಲ್ಲಿರುವುದರಿಂದ ಅದನ್ನು ಹಾಗೇ ಬಾಯಿಗೆ ಹಾಕಿಕೊಂಡ ಮಗುವಿಗಿಂತ ಗಮ್ಮಿ ತಿಂದ ಮಗುವಿಗೆ ಅಪಾಯ ಹೆಚ್ಚು ಎಂಬುದು ಸರಿ. ಆದರೆ ಹಳೆಯ ಹೂವಿನಲ್ಲಿ ಟಿಎಚ್‌ಸಿಎ ಸ್ವಲ್ಪಸ್ವಲ್ಪವಾಗಿ ಟಿಎಚ್‌ಸಿಯಾಗಿರುತ್ತದೆ, ಮನೆಯಲ್ಲೇ ಹೂವನ್ನು ಬೆಣ್ಣೆಗೆ ಹಾಕಿ ಕಾಯಿಸಿಟ್ಟುಕೊಂಡಿದ್ದರೆ ಅದು ತಿನಿಸಿನಷ್ಟೇ ಅಪಾಯಕಾರಿ, ಮತ್ತು ಅದರ ಮೇಲೆ ಯಾವ ಕೆಂಪು ಗುರುತೂ ಇರುವುದಿಲ್ಲ.

ಕನ್ನಡಿಗರ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಮೊಮ್ಮಗುವನ್ನು ನೋಡಿಕೊಳ್ಳಲೆಂದು ಆರು ತಿಂಗಳಿಗೆ ಮೈಸೂರಿನಿಂದಲೋ ಶಿವಮೊಗ್ಗದಿಂದಲೋ ಬಂದ ಅಜ್ಜಿಯನ್ನು ಊಹಿಸಿಕೊಳ್ಳಿ. ಹಗಲಿಡೀ ಮನೆಯಲ್ಲಿ ಅವರು ಮತ್ತು ಮಗು ಇಬ್ಬರೇ. ಅಡುಗೆಮನೆಯ ಕಪಾಟಿನಲ್ಲಿ ಸಾರಿನ ಪುಡಿ, ಹುಳಿಪುಡಿ, ಧನಿಯಾ, ಒಣಗಿದ ಮೆಂತ್ಯದ ಸೊಪ್ಪು, ಹೀಗೆ ಒಂದೇ ಅಳತೆಯ ಗಾಜಿನ ಜಾಡಿಗಳ ಸಾಲು. ಅದರ ಹಿಂದೆ ಅದೇ ಬಗೆಯ ಇನ್ನೊಂದು ಜಾಡಿ, ಹಸಿರಾಗಿ ಒಣಗಿದ ಏನೋ ಒಂದು. ಮಗನೋ ಸೊಸೆಯೋ ಆ ವಿಷಯವನ್ನು ಅಜ್ಜಿಗೆ ಹೇಳಿರುವುದಿಲ್ಲ, ಹೇಳಲು ಸಂಕೋಚ. ಡಬ್ಬಿಯ ಮೇಲಿನ ಎಚ್ಚರಿಕೆ ಇರುವುದು ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳಲ್ಲಿ. ಜಾಡಿಗೆ ಬದಲಾಯಿಸಿದ್ದರೆ ಅದೂ ಇಲ್ಲ. ಈ ಸಂಕೋಚವನ್ನು ಬಿಟ್ಟು ಮನೆಯ ಹಿರಿಯರಿಗೆ ಹೇಳಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಹೇಳಲಾಗದಿದ್ದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಬೀಗವಿರುವ ಸಣ್ಣ ಲೋಹದ ಪೆಟ್ಟಿಗೆ ಕತ್ತಲನ್ನೂ ಕೊಡುತ್ತದೆ, ಕೈಯನ್ನೂ ತಡೆಯುತ್ತದೆ. ಅದರ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ‘ಮುಟ್ಟಬಾರದು, ತಿನ್ನುವ ವಸ್ತುವಲ್ಲ’ ಎಂದು ಬರೆದ ಚೀಟಿ ಅಂಟಿಸುವುದಕ್ಕೆ ಎರಡು ನಿಮಿಷ ಸಾಕು.

ಜರ್ಮನಿ ಈ ವಿಷಯದಲ್ಲಿ ಕೆನಡಾಕ್ಕಿಂತ ಸ್ಪಷ್ಟವಾಗಿ ಮಾತಾಡಿದೆ. 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಅಲ್ಲಿನ ಕಾನೂನು ವಯಸ್ಕರಿಗೆ ಮನೆಯಲ್ಲಿ 50 ಗ್ರಾಂ ಒಣ ಗಾಂಜಾ ಮತ್ತು ಮೂರು ಗಿಡಗಳಿಗೆ ಅವಕಾಶ ಕೊಟ್ಟು, ಅವನ್ನು ಮಕ್ಕಳ ಮತ್ತು ಬೇರೆಯವರ ಕೈಗೆ ಸಿಗದಂತೆ ಕಾಪಾಡುವುದನ್ನು ಇಟ್ಟುಕೊಂಡವನ ಕರ್ತವ್ಯವನ್ನಾಗಿ ಬರೆದಿದೆ. ಮೂರೂವರೆ ಗ್ರಾಮಿನ ಡಬ್ಬಿಗೆ ಅಷ್ಟೊಂದು ನಿಯಮ ಮಾಡಿದ ಕೆನಡಾ, ಇಂಥ ಒಂದು ಸಾಲನ್ನು ದೇಶಕ್ಕೆಲ್ಲ ಅನ್ವಯವಾಗುವಂತೆ ಸೇರಿಸಿದ್ದರೆ ಚೆನ್ನಾಗಿತ್ತು.

ಊರಿಗೆ ಹೊರಡುವವರು ನೆನಪಿಡಬೇಕಾದ ಸಂಗತಿಯೂ ಇದೆ. ಕಾನೂನುಬದ್ಧವಾಗಿ ಕೊಂಡ ಗಾಂಜಾವನ್ನೂ ಕೆನಡಾದ ಗಡಿ ದಾಟಿಸುವುದು ಅಪರಾಧ. ಭಾರತದಲ್ಲಿ ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎಂದು ಹೆಸರಿಸುವುದು ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳನ್ನೇ, ಅಂದರೆ ಈ ಲೇಖನದುದ್ದಕ್ಕೂ ಹೇಳುತ್ತಿರುವ ಹೂವನ್ನೇ. ಭಂಗಿ ಎಲೆಯಿಂದ ಮಾಡಿದ್ದು, ಅದು ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಅರ್ಜಿಯೊಂದರಲ್ಲಿ ಹೇಳಿದ್ದು ಹೂವಿಗೆ ಅನ್ವಯಿಸುವುದಿಲ್ಲ. ಒಂದು ಕಿಲೋ ಒಳಗಿನ ‘ಅಲ್ಪ ಪ್ರಮಾಣ’ಕ್ಕೂ ಒಂದು ವರ್ಷದವರೆಗೆ ಕಠಿಣ ಸಜೆ, ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಸೂಟ್‌ಕೇಸಿನ ಜೇಬಿನಲ್ಲಿ ಮರೆತುಹೋದ ಅರ್ಧ ಗ್ರಾಂ ಕೂಡ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಗಾಂಜಾವೇ.

ಹಳೆಯದಾದದ್ದನ್ನು, ಬೂಷ್ಟು ಹಿಡಿದದ್ದನ್ನು ಎಸೆಯುವಾಗ ಹಾಗೇ ಕಸದ ಬುಟ್ಟಿಗೆ ಹಾಕಬಾರದು. ನಾಯಿಗಳು ಅದನ್ನು ಹುಡುಕಿ ತಿನ್ನುತ್ತವೆ, ತಿಂದ ನಾಯಿ ನಿಲ್ಲಲಾರದೆ ತೂರಾಡುತ್ತದೆ, ಮೂತ್ರದ ಹಿಡಿತ ಕಳೆದುಕೊಳ್ಳುತ್ತದೆ. ಒದ್ದೆಯಾದ ಕಾಫಿ ಚರಟದೊಂದಿಗೆ ಕಲಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ಹಾಕಬೇಕು. ಮಗು ತಿಂದಿರಬಹುದು ಎಂಬ ಅನುಮಾನ ಬಂದ ಗಳಿಗೆಯಲ್ಲಿ ಲಕ್ಷಣಗಳಿಗಾಗಿ ಕಾಯುವುದು ಬೇಡ, ಏಕೆಂದರೆ ಹೊಟ್ಟೆಗೆ ಹೋದ ಗಾಂಜಾದ ಪರಿಣಾಮ ಒಂದೆರಡು ಗಂಟೆ ತಡವಾಗಿ ಕಾಣಿಸಬಹುದು. ಮಗು ಮಂಪರಿನಲ್ಲಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ ಕೂಡಲೇ ತುರ್ತುಸೇವೆಯ 911. ಇಲ್ಲದಿದ್ದರೆ ಕೆನಡಾದ ವಿಷಚಿಕಿತ್ಸಾ ಸಹಾಯವಾಣಿ 1-844-764-7669. ಕ್ವಿಬೆಕ್‌ಗೆ ಬೇರೆ ಸಂಖ್ಯೆಯಿದೆ. ನಿಮ್ಮ ಪ್ರಾಂತ್ಯದ ಸಹಾಯವಾಣಿಯ ಸಂಖ್ಯೆಯನ್ನು ಅಜ್ಜಿಯ ಕಣ್ಣಿಗೆ ಕಾಣುವಷ್ಟು ದಪ್ಪ ಅಂಕಿಗಳಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಬೇಕು, ಮಗು ಏನು ತಿಂದಿತೆಂದು ವೈದ್ಯರಿಗೆ ತೋರಿಸಲು ಜಾಡಿಯನ್ನೂ ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು, ಮುಜುಗರದಿಂದ ಅದನ್ನು ಬಚ್ಚಿಡಬಾರದು.